ಬಾವನ ವ್ಯಾನ್ ನನಗೆ ಡಿಕ್ಕಿ ಹೊಡೆದ ವೃತ್ತಾಂತ

ನಾನು ಸ್ಕೂಟರಿನಿಂದ ಬಿದ್ದೆ. ಈ ಮೂರು ಶಬ್ದಗಳನ್ನು ಬಾಯಿಬಿಟ್ಟು ಹೇಳಲು ನನಗೆ ಐದು ತಿಂಗಳು ಹಿಡಿಯಿತು. ಆ ಐದು ತಿಂಗಳಲ್ಲಿ ನಾನು ಹೇಳಿದ, ಬರೆಸಿದ, ಸಹಿ ಹಾಕಿದ ಬೇರೆ ಶಬ್ದಗಳನ್ನೆಲ್ಲ ಕೂಡಿಸಿದರೆ ಒಂದು ಸಣ್ಣ ಪುರಾಣವಾದೀತು. ಆ ಪುರಾಣದ ಫಲ ನನಗೆ ಸಿಗಲಿಲ್ಲ, ನನ್ನ ಗೆಳೆಯ ಅಹ್ಮದ್ ಬಾವನಿಗೆ ಸಿಕ್ಕಿತು. ಮುರಿದದ್ದು ನನ್ನ ಕೈ, ಹೋದದ್ದು ಅವನ ಕೆಲಸ.

ನಾನು ಮಹಾಬಲ ಶೆಟ್ಟಿ. ಬಿಜೈ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಉಂಟು. ಅಜ್ಜನ ಕಾಲದಲ್ಲಿ ನಮಗೆ ಗದ್ದೆ ಇತ್ತು, ಅಪ್ಪನ ಕಾಲದಲ್ಲಿ ಗದ್ದೆಯ ಕೇಸು ಇತ್ತು, ನನ್ನ ಕಾಲಕ್ಕೆ ಕೇಸಿನ ಕಾಗದಗಳು ಮಾತ್ರ ಉಳಿದವು. ಆ ಕಾಗದಗಳ ನಕಲು ತೆಗೆಸಲು ಅಲೆದು ಸಾಕಾಗಿ ಕೊನೆಗೆ ನಾನೇ ಒಂದು ಮೆಷಿನ್ ಹಾಕಿಕೊಂಡೆ. ನಕಲು ತೆಗೆಯುವುದು ಹೊಟ್ಟೆಪಾಡು. ನನ್ನ ನಿಜವಾದ ವಿದ್ಯೆ ಅರ್ಜಿ ಬರೆಯುವುದು. ಬೇರೆಯವರು "ನಳ್ಳಿಯಲ್ಲಿ ನೀರು ಬರುವುದಿಲ್ಲ" ಎಂದು ಬರೆದರೆ ನಾನು "ಕಳೆದ ಅನೇಕ ದಿನಗಳಿಂದ ಕುಡಿಯುವ ನೀರಿನ ತೀವ್ರ ಅಭಾವದಿಂದ ಕಂಗೆಟ್ಟು, ಹಸುಗೂಸುಗಳೊಂದಿಗೆ ಪರಿತಪಿಸುತ್ತಿರುವ" ಎಂದು ಶುರು ಮಾಡುವವನು. ಮನೆಯಲ್ಲಿ ಹಸುಗೂಸು ಇಲ್ಲದವರಿಗೂ ನಾನು ಹಸುಗೂಸು ಹಾಕಿಕೊಡುತ್ತಿದ್ದೆ. ಅರ್ಜಿಗೆ ತೂಕ ಬೇಕಲ್ಲ.

ಎಲ್ಲದಕ್ಕೂ ಮೂಲ ನಮ್ಮ ಭಜನಾ ಮಂಡಳಿಯ ಬೆಳ್ಳಿಹಬ್ಬದ ಸಭೆ. ಹಬ್ಬದ ಏಳು ದಿನಗಳ ಭಜನಾ ಸಪ್ತಾಹದ ಮೊದಲು ಸದಸ್ಯರೆಲ್ಲ ಇಪ್ಪತ್ತೊಂದು ದಿನ ಮೀನು ಮಾಂಸ ಬಿಡಬೇಕು ಎಂದು ತೀರ್ಮಾನವಾಯಿತು. ಮಂಡಳಿಯ ಖಜಾಂಚಿ, ನಮ್ಮ ಪಕ್ಕದ ಮನೆಯ ಶಶಿಪ್ರಭಕ್ಕ ಎದ್ದು ನಿಂತು, "ಇಪ್ಪತ್ತೊಂದು ದಿನ ಗಂಡಸರಿಂದ ಆಗ್ಲಿಕ್ಕಿಲ್ಲ. ಅವರಿಗೆ ಬೇಕಾದ್ರೆ ಹನ್ನೊಂದು ಇಡುವ" ಅಂದರು. ಹೆಂಗಸರ ಸಾಲಿನಲ್ಲಿ ನಗು ಎದ್ದಿತು. ಆ ನಗುವಿನ ನಡುವೆ ಯಾರೋ ಎದ್ದು, "ನಾನು ನಲವತ್ತೆಂಟು ದಿನ ಮಾಡ್ತೇನೆ!" ಎಂದು ಗುಡುಗಿದರು. ಯಾರಪ್ಪಾ ಈ ಮಹಾನುಭಾವ ಎಂದು ನಾನೂ ಸುತ್ತ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಹದಿನೆಂಟು ದಿನ ನಾನು ತೊಂಡೆಕಾಯಿ, ಬಸಳೆ, ಮತ್ತೆ ತೊಂಡೆಕಾಯಿ ತಿಂದು ಮಾತಿಗೆ ತಪ್ಪದೆ ನಡೆದೆ. ಶಶಿಪ್ರಭಕ್ಕ ದಿನಾ ಬೆಳಿಗ್ಗೆ ಕಂಪೌಂಡಿನ ಮೇಲಿನಿಂದ, "ಇವತ್ತಿಗೆ ಎಷ್ಟಾಯ್ತು ಮಹಾಬಲಣ್ಣ?" ಎಂದು ಕೇಳುತ್ತಿದ್ದರು. ಹತ್ತೊಂಬತ್ತನೇ ದಿನ ಅಂಗಡಿಗೆ ಕಾಗದದ ರೀಮು ತರಲು ಹೊರಟ ಸ್ಕೂಟರ್ ತಾನಾಗಿ ಬಂದರಿನಲ್ಲಿ ದೋಣಿಗಳು ಮೀನು ಇಳಿಸುವ ದಕ್ಕೆಯ ಎದುರು ನಿಂತಿತು. ತಪ್ಪು ಪೂರ್ತಿ ಸ್ಕೂಟರಿನದ್ದು ಎಂದು ಹೇಳಲಾರೆ. ನಾನು ಮೊದಲೇ ಬಾವನಿಗೆ ಫೋನು ಮಾಡಿದ್ದೆ.

ಬಾವ ಮತ್ತು ನಾನು ಬಂದರಿನ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಅವನ ಮನೆ ದಕ್ಕೆಯ ಹಿಂದಿನ ಗೋಡೌನುಗಳ ಸಾಲಿನಲ್ಲಿ. ಬಲ್ಮಠದ ಒಂದು ಶಾಲೆಗೆ ನಮ್ಮ ಬಿಜೈಯ ಹನ್ನೊಂದು ಮಕ್ಕಳನ್ನು ತನ್ನ ಬಿಳಿ ವ್ಯಾನಿನಲ್ಲಿ ಕರೆದುಕೊಂಡು ಹೋಗಿ ಬರುವುದು ಅವನ ಉದ್ಯೋಗ. ಯೋಜನೆ ಸರಳವಾಗಿತ್ತು: ಮೀನು ನಾನು ಒಯ್ಯುವುದು, ಅವನ ಹೆಂಡತಿ ಆಯಿಶಾ ಕಾಯಿಸಿ ಕೊಡುವುದು, ನಾನು ಅಲ್ಲೇ ತಿಂದು ಬಾಯಿ ತೊಳೆದು ಬರುವುದು. ಫೋನಿನಲ್ಲಿ ಬಾವ, "ವ್ರತ ನಿನ್ನದು, ಪಾಪ ನಮ್ಮ ಮನೆ ಬಾಣಲೆಗೆ ಯಾಕೆ ಮಾರಾಯ?" ಎಂದು ಕೇಳಿ ಜೋರಾಗಿ ನಕ್ಕಿದ್ದ.

ದಕ್ಕೆಯಲ್ಲಿ ಮೀನು ಮಾರುವ ಹೇಮಾಕ್ಷಿ ನನ್ನನ್ನು ಕಂಡವಳೇ, "ಎಂತ ಶೆಟ್ರೇ, ವ್ರತ ಅಂತೆ?" ಅಂದಳು. ಸುದ್ದಿ ಅಲ್ಲಿಗೂ ಮುಟ್ಟಿತ್ತು.

"ಮನೆಗೆ ನೆಂಟರು ಬರ್ತಾರೆ" ಅಂದೆ.

"ಹೌದಾ? ಹಾಗಾದ್ರೆ ದೊಡ್ಡದು ಎರಡು ಕಾಣೆ ಮೀನು ತಗೊಳ್ಳಿ. ನೆಂಟರಿಗೆ ರವೆ ಫ್ರೈಯಾ, ಗಸಿಯಾ?"

"ರವೆ ಫ್ರೈ" ಎಂದು ನೆಂಟರ ಪರವಾಗಿ ನಾನೇ ಹೇಳಿಬಿಟ್ಟೆ.

ಮೀನಿನ ಚೀಲವನ್ನು ಸ್ಕೂಟರಿನ ಕೊಕ್ಕೆಗೆ ಸಿಕ್ಕಿಸಿ, ಯಾರಿಗೂ ಕಾಣಬಾರದೆಂದು ಮೇಲಿನಿಂದ ಎರಡು ಕಟ್ಟು ಹರಿವೆ ಸೊಪ್ಪು ಮುಚ್ಚಿದೆ. ಮನುಷ್ಯರ ಮಟ್ಟಿಗೆ ಅದು ಭದ್ರವಾದ ವ್ಯವಸ್ಥೆ. ಆದರೆ ದಕ್ಕೆಯ ಮೇಲೆ ಹಾರುವ ಹದ್ದುಗಳಿಗೆ ಸೊಪ್ಪಿನ ಅಡಿಯಿಂದ ಇಣುಕುವ ಬಾಲ ಸಾಕು. ನಾನು ಗೋಡೌನುಗಳ ರಸ್ತೆಗೆ ತಿರುಗಿದ ಕೂಡಲೇ ಒಂದು ಹದ್ದು ನೇರ ನನ್ನ ಮೊಣಕಾಲುಗಳ ಮಧ್ಯಕ್ಕೆ ಇಳಿಯಿತು. ನಾನು "ಹೋಯ್!" ಎಂದು ಎರಡೂ ಕೈ ಎತ್ತಿದೆ. ಎರಡೂ ಕೈ ಎತ್ತಿದ ಮೇಲೆ ಸ್ಕೂಟರ್ ಹಿಡಿಯಲು ಮೂರನೇ ಕೈ ಇರಲಿಲ್ಲ. ಹದ್ದು ಒಂದು ಕಾಣೆಯೊಂದಿಗೆ ಮೇಲೆ ಹೋಯಿತು, ನಾನು ಒಂದು ಗೋಡೌನಿನ ಮೆಟ್ಟಿಲಿಗೆ ಹೋಗಿ ಬಿದ್ದೆ. ಹತ್ತಿರ ಯಾರೂ ಇರಲಿಲ್ಲ, ಒಂದು ವಾಹನವೂ ಇರಲಿಲ್ಲ.

ಸದ್ದು ಕೇಳಿ ಮನೆಯಿಂದ ಓಡಿ ಬಂದವನು ಬಾವ. ನಾನು ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಬಾವ, ಮೀನು?"

"ಅಲ್ಲ ಮಾರಾಯ, ಕೈ ಬಾಳೆಗೊನೆಯ ಹಾಗೆ ನೇತಾಡ್ತಾ ಉಂಟು, ಇವನಿಗೆ ಮೀನು!" ಅಂದ. ಆದರೂ ಗೆಳೆಯನಲ್ಲವೇ, ಉಳಿದ ಮೀನನ್ನು ಬೆಕ್ಕಿಗೆ ಹಾಕಿ, ರಸ್ತೆಯ ಮೇಲಿನ ರಕ್ತಕ್ಕಿಂತ ಮೊದಲು ಮೀನಿನ ಗುರುತು ಅಳಿಸಿದ. ಮಕ್ಕಳು ಕೂರುವ ಸೀಟಿನಲ್ಲಿ ನನ್ನನ್ನು ಮಲಗಿಸಿ, ಹರಿವೆ ಕಟ್ಟನ್ನು ಪಕ್ಕದಲ್ಲಿಟ್ಟು, ದಾರಿಯುದ್ದಕ್ಕೂ "ನಿದ್ದೆ ಮಾಡಬೇಡ, ಮಾತಾಡ್ತಾ ಇರು" ಎನ್ನುತ್ತ ಆಸ್ಪತ್ರೆಗೆ ಮುಟ್ಟಿಸಿದ. ಅವನ ಅಂಗಿ ಪೂರ್ತಿ ನನ್ನ ರಕ್ತವಾಗಿತ್ತು.

ಆಸ್ಪತ್ರೆಗೆ ನನ್ನ ಹೆಂಡತಿ ಜಲಜಾಕ್ಷಿ ಬಂದಳು. ಅವಳ ಹಿಂದೆಯೇ ಶಶಿಪ್ರಭಕ್ಕ ಬಂದರು.

"ಹೇಗೆ ಬಿದ್ದದ್ದು ನೀವು?" ಎಂದು ಜಲಜಾಕ್ಷಿ ಅಳುತ್ತ ಕೇಳಿದಳು.

ಬಿದ್ದೆ ಅಂದರೆ ಹೇಗೆ ಎಂದು ಕೇಳುತ್ತಾರೆ. ಹದ್ದು ಅಂದರೆ ಯಾಕೆ ಎಂದು ಕೇಳುತ್ತಾರೆ. ಹರಿವೆ ಸೊಪ್ಪಿಗೆ ಎರಗುವ ಹದ್ದು ಮಂಗಳೂರಿನಲ್ಲಿ ಇಲ್ಲವೆಂಬುದು ಶಶಿಪ್ರಭಕ್ಕನಿಗೆ ಗೊತ್ತು.

"ಬಿದ್ದದ್ದಲ್ಲ," ಅಂದೆ. "ಯಾವುದೋ ಗಾಡಿ ಹೊಡೆದು ಹೋಯಿತು."

"ಬಂದರಿಗೆ ಯಾಕೆ ಹೋದದ್ದು?"

"ಹರಿವೆಗೆ. ಅಲ್ಲಿ ಒಳ್ಳೆಯದು ಸಿಗ್ತದೆ."

"ನೋಡಿ," ಎಂದು ಶಶಿಪ್ರಭಕ್ಕ ಕಣ್ಣೊರಸಿಕೊಂಡರು. "ವ್ರತಕ್ಕೆ ಬೇಕಾಗಿ ಸೊಪ್ಪು ತರ್ಲಿಕ್ಕೆ ಹೋದ ಜನ!"

ಬಾಗಿಲ ಹತ್ತಿರ ನಿಂತಿದ್ದ ಬಾವ ಬೇರೆ ಕಡೆ ತಿರುಗಿ ಕೆಮ್ಮಿದ. ಆಸ್ಪತ್ರೆಯವರು ಪುಸ್ತಕದಲ್ಲಿ "ಅಪರಿಚಿತ ವಾಹನ" ಎಂದು ಬರೆದುಕೊಂಡರು. ಮರುದಿನದಿಂದ ನೋಡಲು ಬಂದವರಿಗೆಲ್ಲ ನಾನು ಆ ವಾಹನವನ್ನು ವರ್ಣಿಸಬೇಕಾಯಿತು. ಸೋಮವಾರ ಅದು ಬೈಕ್ ಆಗಿತ್ತು. ಬುಧವಾರಕ್ಕೆ ಕಾರಾಯಿತು. ಮೂಲ್ಕಿಯಿಂದ ನನ್ನ ಅತ್ತಿಗೆ ಹಣ್ಣಿನ ಬುಟ್ಟಿಯೊಂದಿಗೆ ಬಂದಾಗ ಅಷ್ಟು ದೊಡ್ಡ ಬುಟ್ಟಿಗೆ ಮರ್ಯಾದೆಯಾಗಲೆಂದು ಹತ್ತು ಚಕ್ರದ ಟ್ಯಾಂಕರ್ ಮಾಡಿದೆ.

ಮಣಿಕಟ್ಟಿಗೆ ಪಟ್ಟಿ, ಸ್ಕ್ರೂ, ಆಪರೇಷನ್ ಎಂದು ಬಿಲ್ಲು ಒಂದು ಲಕ್ಷ ಎಂಬತ್ತು ಸಾವಿರಕ್ಕೆ ಹೋಯಿತು. ಬಿಜೈಯ ಅರ್ಧ ಜನರ ಇನ್ಶೂರೆನ್ಸ್ ಕಾಗದದ ನಕಲು ತೆಗೆದವನು ನಾನು, ನನ್ನದೇ ಒಂದು ಪಾಲಿಸಿ ಇರಲಿಲ್ಲ. ಜಲಜಾಕ್ಷಿ ಸದ್ದಿಲ್ಲದೆ ಕೈಬಳೆ ಬಿಚ್ಚಿ ಬ್ಯಾಂಕಿನಲ್ಲಿಟ್ಟು ಬಂದಳು. ಆಗ ಪ್ರತ್ಯಕ್ಷರಾದವರು ಇಸಿದೋರ್ ಪೊರ್ಬುಗಳು. ಅಪಘಾತದ ಕ್ಲೇಮು ಮಾಡಿಸಿಕೊಡುವುದೇ ಅವರ ಕಸುಬು. ಜಲಜಾಕ್ಷಿಯನ್ನು ಚಹಾ ತರಲು ಕಳಿಸಿ, ಬಾಗಿಲು ಮುಚ್ಚಿ, "ಶೆಟ್ರೇ, ಡಾಕ್ಟರ ಹತ್ರ, ನನ್ನ ಹತ್ರ ಸುಳ್ಳು ಹೇಳ್ಲಿಕ್ಕಿಲ್ಲ. ಎಂತ ಆದದ್ದು?" ಅಂದರು. ಒಳಗೆ ಇದ್ದದ್ದು ನಾವು ಮೂವರೇ, ಪೊರ್ಬುಗಳು, ನಾನು, ಮೂಸಂಬಿ ಸುಲಿಯುತ್ತಿದ್ದ ಬಾವ.

"ನಾನೇ ಬಿದ್ದದ್ದು," ಎಂದು ಪಿಸುಗುಟ್ಟಿದೆ. ಯಾಕೆ ಬಿದ್ದದ್ದು ಎಂದು ಹೇಳಲಿಲ್ಲ.

ಪೊರ್ಬುಗಳು ನಿಟ್ಟುಸಿರು ಬಿಟ್ಟರು. "ನೀವೇ ಬಿದ್ರೆ ಒಂದು ಪೈಸೆ ಇಲ್ಲ. ಗುರುತಿಲ್ಲದ ಗಾಡಿ ಆದ್ರೆ ಸರ್ಕಾರದ ಪುಡಿಗಾಸು, ಅದಕ್ಕೂ ಅಲೆದು ಸಾಯಬೇಕು. ನಂಬರ್ ಬೇಕು ಶೆಟ್ರೇ, ನಂಬರ್! ಇನ್ಶೂರೆನ್ಸ್ ಇರುವ ಒಂದು ಗಾಡಿಯ ನಂಬರ್ ಇದ್ರೆ ಆಸ್ಪತ್ರೆ ಖರ್ಚು, ಅಂಗಡಿ ಮುಚ್ಚಿದ ನಷ್ಟ, ಎಲ್ಲ ಬರ್ತದೆ. ಡ್ರೈವರ್ ಕೋರ್ಟಿನಲ್ಲಿ ತಪ್ಪಾಯ್ತು ಅಂದು ದಂಡ ಕಟ್ಟಿದ್ರೆ ಮುಗೀತು."

ಬಾವ ಮೂಸಂಬಿಯ ತೊಳೆ ನನ್ನ ಬಾಯಿಗಿಟ್ಟು, "ನನ್ನ ವ್ಯಾನಿಂದು ಹಾಕಿ" ಅಂದ.

"ಬೇಡ ಬಾವ" ಅಂದೆ ನಾನು. ಹೇಳಿದ್ದು ನಿಜ. ಆದರೆ ಬಾಯಲ್ಲಿ ಮೂಸಂಬಿ ಇತ್ತು, ದನಿ ಎಷ್ಟು ಸಣ್ಣದಿತ್ತೆಂದರೆ ನನಗೇ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬಹುದಿತ್ತು. ಹೇಳಲಿಲ್ಲ.

"ಎಂತ ಬೇಡ? ಜಲಜಕ್ಕನ ಕೈ ಬೋಳು ಬೋಳು ಕಾಣ್ತದೆ, ನನಗೆ ನೋಡ್ಲಿಕ್ಕೆ ಆಗುದಿಲ್ಲ," ಅಂದ ಬಾವ. "ಕೊಡುದು ಕಂಪೆನಿ. ನನ್ನ ಗಂಟು ಎಂತ ಹೋಗ್ತದೆ?"

ಹೀಗೆ ಮೂವರು ಬುದ್ಧಿವಂತರು ಸೇರಿ ಯಾರಿಗೂ ನಷ್ಟವಿಲ್ಲದ ಒಂದು ಉಪಾಯ ಮಾಡಿದೆವು. ಜಲಜಾಕ್ಷಿಗೆ ಮಾತ್ರ, "ಹೊಡೆದದ್ದು ಬಾವನೇ, ಸ್ನೇಹ ನೋಡಿ ಇಷ್ಟು ದಿನ ಹೆಸರು ಹೇಳಲಿಲ್ಲ" ಎಂದು ತಿಳಿಸಬೇಕಾಯಿತು. ಅವಳು ಆಯಿಶಾಳಿಗೆಂದು ಕಟ್ಟಿಟ್ಟಿದ್ದ ಪತ್ರೊಡೆಯ ಡಬ್ಬಿಯನ್ನು ಬಿಚ್ಚಿ ಶಶಿಪ್ರಭಕ್ಕನ ಮನೆಗೆ ಕೊಟ್ಟು ಬಂದಳು.

ದೂರು ಬರೆಯುವ ದಿನ ಬಂತು. "ವ್ಯಾನ್ ತಾಗಿ ಬಿದ್ದೆ ಅಂತ ನಾಲ್ಕು ಸಾಲು ಬರೆಸಿ, ಸಾಕು" ಎಂದು ಪೊರ್ಬುಗಳು ಹೇಳಿದ್ದರು. ನಾಲ್ಕು ಸಾಲು! ಮೂವತ್ತು ವರ್ಷ ಪರರ ಕಷ್ಟಕ್ಕೆ ಪುಟಗಟ್ಟಲೆ ಬರೆದವನು ಸ್ವಂತ ಕಷ್ಟಕ್ಕೆ ನಾಲ್ಕು ಸಾಲು ಬರೆದರೆ ನನ್ನ ಹೆಸರು ಉಳಿಯುವುದುಂಟೇ? ಬಲಗೈ ಬ್ಯಾಂಡೇಜಿನಲ್ಲಿತ್ತು, ಹಾಗಾಗಿ ನಾನು ಹೇಳಿದೆ, ಜಲಜಾಕ್ಷಿ ಬರೆದಳು. ನಾನು ಹೇಳಿದ್ದಕ್ಕಿಂತ ಅವಳು ಒತ್ತಿ ಒತ್ತಿ ಬರೆದಳು.

ಟ್ರಾಫಿಕ್ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಅದನ್ನು ಎಲ್ಲರಿಗೂ ಕೇಳುವಂತೆ ಓದಿದರು. "ಸದರಿ ಶಾಲಾ ವಾಹನದ ಚಾಲಕನು ಒಂದು ಕೈಯಲ್ಲಿ ಮೊಬೈಲ್ ಹಿಡಿದು ಅಟ್ಟಹಾಸದಿಂದ ಸಂಭಾಷಿಸುತ್ತಾ, ಯಮವೇಗದಿಂದಲೂ ಮಾನವಜೀವದ ಬಗ್ಗೆ ಕಿಂಚಿತ್ತೂ ಪರಿವೆಯಿಲ್ಲದೆಯೂ ಚಲಾಯಿಸಿಕೊಂಡು ಬಂದು, ಸಾತ್ವಿಕ ವ್ರತಧಾರಿಯಾದ ನನ್ನನ್ನು…" ಓದಿ ಮುಗಿಸಿ ಅವರು ತಲೆಯಾಡಿಸಿದರು. "ಇಷ್ಟು ವರ್ಷದಲ್ಲಿ ಇಂಥ ದೂರು ನೋಡ್ಲಿಲ್ಲ ಶೆಟ್ರೇ."

ನನಗೆ ಹೆಮ್ಮೆಯಾಯಿತು. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ಆಗ ನಿಜವಾಗಿ ಹೆಮ್ಮೆಯಾಯಿತು.

ಬೆಂಚಿನ ತುದಿಯಲ್ಲಿ ಕೂತಿದ್ದ ಬಾವ ನನ್ನ ಕಿವಿಯ ಹತ್ತಿರ ಬಗ್ಗಿ, "ಎಷ್ಟು ಚಂದ ಬರೆದಿದ್ದಿ ಮಾರಾಯ! ಈ ಡ್ರೈವರ್ ಸಿಕ್ಕಿದ್ರೆ ನಾನೇ ಎರಡು ಬಾರಿಸುವಾ ಅಂತ ಕಾಣ್ತದೆ" ಅಂದ. ಇಬ್ಬರೂ ನಗು ತಡೆದುಕೊಂಡೆವು. ಅವನು ಹೌದು, ತಾನೇ ಹೊಡೆದದ್ದು ಎಂದು ಹೇಳಿಕೆ ಕೊಟ್ಟ. ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಮೂರನೇ ದಿನ ಸುದ್ದಿ ವಾಟ್ಸಾಪಿನಲ್ಲಿ ಬಂತು. "ಮೊಬೈಲಿನಲ್ಲಿ ಮಾತನಾಡುತ್ತಾ ಶಾಲಾ ವ್ಯಾನ್ ಚಲಾವಣೆ: ವ್ರತಧಾರಿಗೆ ಗಂಭೀರ ಗಾಯ." ಕೆಳಗೆ ನನ್ನ ಕುಂಕುಮ ಹಚ್ಚಿದ ಫೋಟೋ. ಬಾವನ ವ್ಯಾನಿಗೆ ಮಕ್ಕಳನ್ನು ಕಳಿಸುವ ತಾಯಂದಿರಿಗೆ ಒಂದು ಗುಂಪು ಇತ್ತು, ಅದನ್ನು ನಡೆಸುತ್ತಿದ್ದವರು ನಮ್ಮ ಬೀದಿಯ ಅಪೇಕ್ಷಾ. ಶಶಿಪ್ರಭಕ್ಕ ಖುದ್ದಾಗಿ ಅವರ ಮನೆಗೆ ಹೋದರು.

"ನಮ್ಮ ಮಹಾಬಲಣ್ಣನಿಗೆ ಹೊಡೆದವನ ವ್ಯಾನಿನಲ್ಲಿ ನಮ್ಮ ಬೀದಿಯ ಮಕ್ಕಳು ಹೋಗುದಾ?" ಎಂದು ಮನೆಮನೆಗೆ ಹೇಳಿದರು. ಎಲ್ಲ ನನ್ನ ಮೇಲಿನ ಅಭಿಮಾನದಿಂದ. ವಾರದೊಳಗೆ ಹನ್ನೊಂದು ಮಕ್ಕಳಲ್ಲಿ ಹನ್ನೊಂದೂ ಬೇರೆ ವ್ಯಾನು ಹತ್ತಿದವು.

ನಾನು ಸುಮ್ಮನಿರಲಿಲ್ಲ. ನೋಡಲು ಬಂದವರಿಗೆಲ್ಲ, "ಬಾವ ಒಳ್ಳೆಯ ಜನ. ಅವನ ತಪ್ಪು ಅಷ್ಟಿಲ್ಲ" ಎಂದು ಹೇಳತೊಡಗಿದೆ. ಅದರಿಂದ ಬಾವನ ಬೆಲೆ ಒಂದು ಕೂದಲಿನಷ್ಟೂ ಏರಲಿಲ್ಲ, ನನ್ನದು ಆಕಾಶಕ್ಕೆ ಏರಿತು.

"ಕೈ ಮುರಿದವನಿಗೇ ಮರುಗುದು ನೋಡಿ!" ಎಂದು ಮಂಡಳಿಯ ಅಧ್ಯಕ್ಷರು ಕೈ ಮುಗಿದರು. "ವ್ರತದ ಫಲ ಅಂದ್ರೆ ಇದು." ಬಂದವರಲ್ಲಿ ಒಬ್ಬರು ಡ್ರೈವರನ ಹೆಸರು ಕೇಳಿ, ನಾನು ಹೇಳಿದ ಕೂಡಲೇ "ಓಹೋ!" ಎಂದು ಅರ್ಥ ಮಾಡಿಕೊಂಡವರಂತೆ ತಲೆಯಾಡಿಸಿದರು. ಆ ಓಹೋ ಯಾಕೆಂದು ನನಗೆ ಗೊತ್ತಿತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ. ಬೆಳ್ಳಿಹಬ್ಬದಲ್ಲಿ ಬ್ಯಾಂಡೇಜಿನ ಕೈಗೇ ಶಾಲು ಹೊದಿಸಿ ಸನ್ಮಾನ ಮಾಡಿದರು. ಹೊದ್ದುಕೊಂಡು ಬಂದೆ.

ಬಾವನಿಗೆ ಫೋನು ಮಾಡಿದರೆ, "ಸರಿ ಆಗ್ತದೆ ಬಿಡು, ಜನ ಮರೀತಾರೆ" ಅನ್ನುತ್ತಿದ್ದ. ವ್ಯಾನು ಮನೆಯೆದುರು ನಿಂತಿತ್ತು. ಅವನು ಗೋಡೌನಿನಲ್ಲಿ ಮೂಟೆ ಲೆಕ್ಕ ಬರೆಯುವ ಕೆಲಸಕ್ಕೆ ಹೋಗುತ್ತಿದ್ದಾನೆಂದು ನನಗೆ ಹೇಳಿದವಳು ಹೇಮಾಕ್ಷಿ. ಬರುಬರುತ್ತ ಫೋನಿನಲ್ಲಿ ಮಾತು ಕಡಿಮೆಯಾಯಿತು. ಆಮೇಲೆ ಆಯಿಶಾ ಎತ್ತಿ, "ಅವರು ಇಲ್ಲ" ಎಂದು ಹೇಳತೊಡಗಿದಳು. ಹಿಂದಿನಿಂದ ಅವನ ಕೆಮ್ಮು ಕೇಳಿಸುತ್ತಿತ್ತು.

ಏಪ್ರಿಲಿನಲ್ಲಿ ಇನ್ಶೂರೆನ್ಸ್ ಕಂಪೆನಿಯಿಂದ ವಿಚಾರಣೆಗೆ ಏವ್ರಿಲ್ ಎಂಬ ಹುಡುಗಿ ಬಂದಳು. ನಾನು ಮೀಸೆಯ ದಢೂತಿ ಆಸಾಮಿಯನ್ನು ನಿರೀಕ್ಷಿಸಿದ್ದೆ, ಇವಳು ಲ್ಯಾಪ್‌ಟಾಪ್ ಚೀಲ ಹಾಕಿಕೊಂಡ, ಮಾತಿಗೊಮ್ಮೆ ಅಂಕಲ್ ಅನ್ನುವ ಮಗು. ಧೈರ್ಯ ಬಂತು. ಜಲಜಾಕ್ಷಿ ಚಹಾ, ಗೋಳಿಬಜೆ ತಂದಿಟ್ಟಳು. ಸಾಕ್ಷಿಗೆ ಬೇಕಾದೀತೆಂದು ಶಶಿಪ್ರಭಕ್ಕ ಕರೆಯದೆ ಬಂದು ಕೂತರು. ಇಸಿದೋರ್ ಪೊರ್ಬುಗಳು ಫೈಲು ತೊಡೆಯ ಮೇಲಿಟ್ಟುಕೊಂಡು ಸೋಫಾದ ತುದಿಯಲ್ಲಿ ಕೂತರು.

ಏವ್ರಿಲ್ ಕಾಗದಗಳನ್ನೆಲ್ಲ ನೋಡಿ, "ಎಲ್ಲ ಕ್ಲಿಯರ್ ಉಂಟು ಅಂಕಲ್," ಅಂದಳು. "ಇಷ್ಟು ವಿವರ ಇರುವ ಕಂಪ್ಲೇಂಟ್ ನಮಗೆ ಸಿಗುದೇ ಇಲ್ಲ. ಡ್ರೈವರ್ ಕೂಡ ಒಪ್ಪಿದ್ದಾರೆ. ನನ್ನ ಕಡೆಯಿಂದ ಆಕ್ಷೇಪ ಎಂತ ಇಲ್ಲ. ಇಲ್ಲಿ ಒಂದು ಸಹಿ ಹಾಕಿದ್ರೆ ಆಯ್ತು."

ಪೊರ್ಬುಗಳು ನನಗೆ ಕಣ್ಣು ಹೊಡೆದರು. ನಾನು ಎಡಗೈಯಲ್ಲಿ ಪೆನ್ನು ಹಿಡಿದೆ.

"ಆ ಡ್ರೈವರಿಗೆ ಇನ್ನು ಎಂತ ಆಗ್ತದೆ ಮಗಾ?" ಎಂದು ಕೇಳಿದೆ. ದಂಡ ಎಷ್ಟಾಗುತ್ತದೆಂದು ತಿಳಿದುಕೊಂಡು, ಕ್ಲೇಮು ಬಂದ ಮೇಲೆ ಬಾವನಿಗೆ ಕೊಡುವ ಅಂದಾಜು ನನ್ನದು.

"ಲೈಸೆನ್ಸ್ ಹೋಗ್ತದೆ ಅಂಕಲ್. ಶಾಲಾ ವಾಹನ, ಅದರ ಮೇಲೆ ಮೊಬೈಲ್. ನೀವೇ ಬರೆದಿದ್ದೀರಲ್ಲ. ಪೊಲೀಸರು ಆರ್‌ಟಿಒಗೆ ಕಳಿಸಿ ಆಗಿದೆ."

"ಎಷ್ಟು ದಿನಕ್ಕೆ?"

"ದಿನಕ್ಕಲ್ಲ. ರದ್ದು."

"ಆಗ್ಬೇಕಾದ್ದೇ!" ಅಂದರು ಶಶಿಪ್ರಭಕ್ಕ, ಗೋಳಿಬಜೆ ಮುರಿಯುತ್ತ.

ನನ್ನ ಕೈಯಲ್ಲಿದ್ದ ಪೆನ್ನು ಕೆಳಗಿಳಿಯಿತು. ಮೊಬೈಲ್ ಯಾರೂ ಕೇಳಿರಲಿಲ್ಲ. ಕಂಪೆನಿ ಕೇಳಿರಲಿಲ್ಲ, ಪೊಲೀಸರು ಕೇಳಿರಲಿಲ್ಲ, ಪೊರ್ಬುಗಳು ನಾಲ್ಕು ಸಾಲು ಸಾಕು ಅಂದಿದ್ದರು. ಮೊಬೈಲ್ ನನ್ನ ಸ್ವಂತ ಕೊಡುಗೆ.

"ನಾನು ಸ್ಕೂಟರಿನಿಂದ ಬಿದ್ದೆ" ಅಂದೆ.

"ಹೌದು ಅಂಕಲ್, ವ್ಯಾನ್ ಹೊಡೆದು…"

"ವ್ಯಾನ್ ಇರಲಿಲ್ಲ. ಮನೆಯೆದುರು ನಿಂತಿತ್ತು. ಮೊಬೈಲೂ ಇರಲಿಲ್ಲ. ಬಾವ ನನ್ನನ್ನು ಎತ್ತಿಕೊಂಡು ಹೋದವನು. ಒಂದು ಹದ್ದು ಬಂತು, ನಾನು ಕೈ ಬಿಟ್ಟೆ, ಬಿದ್ದೆ."

ಪೊರ್ಬುಗಳು ಫೈಲು ಮುಚ್ಚಿ, "ಇವರಿಗೆ ಆ ಮದ್ದು ತಗೊಂಡ ಮೇಲೆ ಒಮ್ಮೊಮ್ಮೆ ಹೀಗೆ ಆಗ್ತದೆ" ಅಂದರು.

"ಹದ್ದಾ?" ಎಂದರು ಶಶಿಪ್ರಭಕ್ಕ. ಅವರ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. "ಹದ್ದು ಯಾಕೆ ಬಂತು ಮಹಾಬಲಣ್ಣ?"

"ಕಾಣೆ ಮೀನಿಗೆ."

ಸುಳ್ಳು ದೂರು, ಸುಳ್ಳು ಹೇಳಿಕೆ, ಕಂಪೆನಿಗೆ ಮೋಸ, ಇವು ಯಾವುದೂ ಆ ಕೋಣೆಯಲ್ಲಿ ಮಾಡದ ಸದ್ದನ್ನು ಆ ಎರಡು ಶಬ್ದಗಳು ಮಾಡಿದವು.

"ಎಷ್ಟನೇ ದಿನ?" ಎಂದರು ಶಶಿಪ್ರಭಕ್ಕ.

"ಹತ್ತೊಂಬತ್ತು."

"ಹತ್ತೊಂಬತ್ತು! ಇಪ್ಪತ್ತೊಂದು ಕೂಡ ಆಗ್ಲಿಲ್ಲ! ಶಾಲು ಹೊದ್ದುಕೊಂಡ್ರಲ್ಲ ನೀವು!"

ಜಲಜಾಕ್ಷಿ ಮಾತ್ರ ಮೀನಿನ ಬಗ್ಗೆ ಕೇಳಲಿಲ್ಲ. "ಹಾಗಾದ್ರೆ ಬಾವ ಎಂತದ್ದೂ ಮಾಡ್ಲಿಲ್ಲವಾ?" ಅಂದಳು. "ಆ ಕಾಗದ ನನ್ನ ಕೈಯಲ್ಲಿ ಬರೆಸಿದಿರಿ ನೀವು. ನಾನು ಆಯಿಶಾಳನ್ನು ಮಾರ್ಕೆಟಿನಲ್ಲಿ ಕಂಡು ಮುಖ ತಿರುಗಿಸಿ ಬಂದೆ." ಅವಳು ಒಳಗೆ ಹೋದಳು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಏವ್ರಿಲ್ ಲ್ಯಾಪ್‌ಟಾಪ್ ಮುಚ್ಚಿದಳು. "ನನಗೆ ಈಗ ಬೇರೆ ವರದಿ ಬರೀಬೇಕಾಗ್ತದೆ ಅಂಕಲ್," ಅಂದಳು. ಅವಳ ಮುಖದಲ್ಲಿ ಸಿಟ್ಟಿಗಿಂತ ಬೇಜಾರು ಹೆಚ್ಚಿತ್ತು.

ಠಾಣೆಯಲ್ಲಿ ಬಾವನನ್ನೂ ನನ್ನನ್ನೂ ಅಕ್ಕಪಕ್ಕ ನಿಲ್ಲಿಸಿ ಬೈದರು. ಬೆಳೆದ ಮಕ್ಕಳಿರುವ ಇಬ್ಬರು ಶಾಲೆಯ ಹುಡುಗರಂತೆ ತಲೆ ತಗ್ಗಿಸಿ ನಿಂತೆವು. ಸಾಹೇಬರು ಒಳ್ಳೆಯವರು, ವಯಸ್ಸು ನೋಡಿ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಲೈಸೆನ್ಸ್ ಉಳಿಯಿತು. ಜಲಜಾಕ್ಷಿಯ ಬಳೆ ಬ್ಯಾಂಕಿನಲ್ಲೇ ಉಳಿಯಿತು. ಹೊರಗೆ ಬಂದು, "ಬಾವ, ಇನ್ನು ಎಲ್ಲ ಸರಿ ಮಾಡ್ತೇನೆ" ಅಂದೆ. ಅವನು ತಲೆಯಾಡಿಸಿ ಬಸ್ಸು ಹತ್ತಿದ.

ನಾನು ಅದೇ ಸಂಜೆ ಅಪೇಕ್ಷಾ ಅವರ ಮನೆಗೆ ಹೋದೆ. ಹದ್ದಿನಿಂದ ಹಿಡಿದು ಮುಚ್ಚಳಿಕೆಯವರೆಗೆ ಒಂದನ್ನೂ ಬಿಡದೆ ಹೇಳಿದೆ. ಅವರು ಮಧ್ಯದಲ್ಲಿ ನಕ್ಕರು, ಮೀನಿನ ಭಾಗವನ್ನು ಗಂಡನನ್ನು ಕರೆದು ಇನ್ನೊಮ್ಮೆ ಹೇಳಿಸಿದರು. ನನಗೆ ಆಸೆ ಬಂತು.

"ಹಾಗಾಗಿ ಬಾವನ ತಪ್ಪು ಎಂತದ್ದೂ ಇಲ್ಲ," ಅಂದೆ. "ಜೂನಿನಿಂದ ಮಕ್ಕಳನ್ನು ಪುನಃ ಅವನ ವ್ಯಾನಿಗೇ ಕಳಿಸಬೇಕು."

ಅಪೇಕ್ಷಾ ನಗು ನಿಲ್ಲಿಸಿದರು. "ಅಂದ್ರೆ, ಬಾವ ಪೊಲೀಸರ ಹತ್ರ ಸುಳ್ಳು ಹೇಳಿದ್ದು."

"ನನಗೆ ಬೇಕಾಗಿ ಹೇಳಿದ್ದು!"

"ಅದು ಗೊತ್ತಾಯ್ತು ಅಂಕಲ್. ಸ್ನೇಹಕ್ಕೆ ಹೇಳಿದ್ದು, ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದ್ರೆ ನಾಳೆ ವ್ಯಾನಿನಲ್ಲಿ ಮಕ್ಕಳಿಗೆ ಎಂತಾದ್ರೂ ಆಯ್ತು ಅಂತ ಇಟ್ಕೊಳ್ಳಿ. ಅವರು ಹೇಳಿದ್ದನ್ನು ನಾನು ಹೇಗೆ ನಂಬುದು?" ಎಂದು ಕೇಳಿದರು. "ನಿಜ ಹೇಳ್ಬೇಕಾದ್ರೆ, ಅವರು ನಿಮಗೆ ಹೊಡೆದದ್ದು ನಾನು ಮರೀತಾ ಇದ್ದೆ. ಯಾರ ಕೈಯಿಂದಲೂ ಆಗ್ತದೆ. ಜೂನಿನಿಂದ ಪುನಃ ಅವರ ವ್ಯಾನಿಗೇ ಹೇಳುವ ಅಂತ ಗುಂಪಿನಲ್ಲಿ ಮಾತು ಕೂಡ ಆಗಿತ್ತು."

ನಾನು ಎದ್ದು ಚಪ್ಪಲಿ ಹುಡುಕಿದೆ. ಕಾಲಿನ ಹತ್ತಿರವೇ ಇತ್ತು, ಕಾಣಿಸಲಿಲ್ಲ. ಉಳಿದ ಹತ್ತು ಮನೆಗಳಿಗೂ ಹೋದೆ. ಎಲ್ಲ ಕಡೆ ನಕ್ಕರು, ಎಲ್ಲ ಕಡೆ ಚಹಾ ಕೊಟ್ಟರು. ಮಕ್ಕಳನ್ನು ಯಾರೂ ಕೊಡಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಬಾವ ಅಂಗಡಿಗೆ ಬಂದ. ಎಷ್ಟೋ ದಿನಗಳ ಮೇಲೆ ಬಂದದ್ದು. ನಾನು ಸ್ಟೂಲು ಎಳೆದು ಕೊಟ್ಟೆ, ಕೂರಲಿಲ್ಲ. ಚೀಲದಿಂದ ಆರ್‌ಟಿಒ ಫಾರಂ ತೆಗೆದು ಮೇಜಿನ ಮೇಲಿಟ್ಟ.

"ವ್ಯಾನ್ ಕೊಟ್ಟೆ. ತೊಕ್ಕೊಟ್ಟಿನ ಒಂದು ಬೇಕರಿಯವರಿಗೆ. ಹೆಸರು ಬದಲು ಮಾಡ್ಲಿಕ್ಕೆ ಇದು ತುಂಬಿಸಬೇಕಂತೆ."

"ಬಾವ, ನಾನು ಇನ್ನೊಮ್ಮೆ ಆ ಮನೆಗಳಿಗೆ ಹೋಗಿ…"

"ಬೇಡ ಮಾರಾಯ," ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ನನಗೆ ಬೇಕಾಗಿ ಮಾತಾಡಿದ್ದು ಸಾಕು. ಇದೊಂದು ಬರೆದು ಕೊಡು."

ನನ್ನ ಬಲಗೈ ಇನ್ನೂ ಪೂರ್ತಿ ಬಗ್ಗುವುದಿಲ್ಲ. ನಿಧಾನವಾಗಿ ತುಂಬಿದೆ. ಹೆಸರು, ವಿಳಾಸ, ಇಂಜಿನ್ ನಂಬರು, ಕೊಂಡವರ ಹೆಸರು. ಮೂವತ್ತು ವರ್ಷಗಳಿಂದ ಬಾವನ ಕಾಗದಗಳೆಲ್ಲ ನಾನೇ ಬರೆದದ್ದು. ಮಗಳ ಶಾಲೆಯ ಅರ್ಜಿ, ರೇಷನ್ ಕಾರ್ಡು, ಇದೇ ವ್ಯಾನಿನ ಸಾಲದ ಅರ್ಜಿ. ಒಂದನ್ನೂ ಅವನು ಓದಿದವನಲ್ಲ. "ಎಲ್ಲಿ ಹಾಕಬೇಕು?" ಎಂದು ಕೇಳುವುದು, ನಾನು ಬೆರಳಿಟ್ಟಲ್ಲಿ ಸಹಿ ಹಾಕುವುದು, ಅಷ್ಟೇ.

ಬರೆದು ಮುಗಿಸಿ ಸಹಿಯ ಜಾಗದಲ್ಲಿ ಬೆರಳಿಟ್ಟು ಅವನ ಕಡೆ ತಿರುಗಿಸಿದೆ. ಬಾವ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಫಾರಂ ಎತ್ತಿ ಬಾಗಿಲ ಬೆಳಕಿಗೆ ಹಿಡಿದು, ಮೊದಲ ಸಾಲಿನಿಂದ ಒಂದೊಂದೇ ಅಕ್ಷರ ಓದತೊಡಗಿದ. ಕೊನೆಯವರೆಗೆ ಓದಿ, ಹಾಳೆ ತಿರುಗಿಸಿ, ಮತ್ತೆ ಮೊದಲಿನಿಂದ ಓದಿದ. ಅವನು ಮುಗಿಸುವವರೆಗೆ ನಾನು ಪೆನ್ನು ಹಿಡಿದುಕೊಂಡು ಕಾದೆ.